ಬಿಜಾಪುರದ ಮೇಷ್ಟ್ರು, ನಮ್ಮೂರ ಹುಳ

ಕೋಲಾರ ಜಿಲ್ಲೆಗೆ ನದಿಗಳು ಬರುವುದಿಲ್ಲ, ಮೇಷ್ಟ್ರುಗಳು ಬರುತ್ತಾರೆ. ನಂದಿಬೆಟ್ಟದ ಕಡೆ ಹುಟ್ಟುವ ಪಾಲಾರ್ ನಮ್ಮ ಜಿಲ್ಲೆಯನ್ನು ಹಾದು ತಮಿಳುನಾಡಿಗೆ ಹೋಗುತ್ತದೆ ಎಂದು ಭೂಪಟದಲ್ಲಿ ನೀಲಿ ಗೆರೆ ಎಳೆದಿದ್ದಾರೆ. ಅದು ನಮಗೊಂದು ಮಾತು ಹೇಳಿ ಹೋದದ್ದನ್ನು ನಮ್ಮ ತಾತನೂ ಕಂಡವನಲ್ಲ. ಮೇಷ್ಟ್ರುಗಳು ಮಾತ್ರ ಜೂನ್ ಬಂತೆಂದರೆ ಒಂದು ಟ್ರಂಕು, ಒಂದು ಸುತ್ತಿದ ಹಾಸಿಗೆ, ನಾಲ್ಕಾಗಿ ಮಡಿಸಿದ ಆದೇಶದ ಪ್ರತಿ ಹಿಡಿದು ಬಸ್ಸಿಳಿಯುತ್ತಿದ್ದರು. ಬಿಜಾಪುರದವರು, ಗುಲ್ಬರ್ಗದವರು, ರಾಯಚೂರಿನವರು. ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿದ್ದ 1990ರ ದಶಕದಲ್ಲಿ ಯಾರ ಕೈಕಾಲೂ ಹಿಡಿಯದೆ ಬರೀ ಅಂಕಗಳ ಮೇಲೆ ಕೆಲಸ ಸಿಕ್ಕಿದ ಮೇಷ್ಟ್ರುಗಳು ಈಗಲೂ ಅವರ ಹೆಸರು ಹೇಳಿ ಕೈ ಮುಗಿಯುತ್ತಾರೆ. ಕೆಲಸವೇನೋ ಸಿಕ್ಕಿತು. ಸಿಕ್ಕಿದ ಜಾಗ ವೇಮಗಲ್ ಹೋಬಳಿ. ಅದಕ್ಕೆ ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಬಂದ ವಾರವೇ ವರ್ಗಾವಣೆಯ ಅರ್ಜಿ ಬರೆಯುತ್ತಿದ್ದರು.

ನಮ್ಮೂರು ವೇಮಗಲ್ಲಿಗೆ ಹತ್ತಿರ. ಕೋಲಾರದಿಂದ ಎಚ್. ಕ್ರಾಸ್ ಕಡೆ ಹೋಗುವ ಬಸ್ಸು ಹತ್ತಿ, ವೇಮಗಲ್ಲಿನಲ್ಲಿ ಇಳಿದು, ಆಮೇಲೆ ನಡೆಯಬೇಕು. ನಮ್ಮ ಮೇಷ್ಟ್ರು ಟ್ರಂಕನ್ನು ಹೆಗಲಿಗೇರಿಸಿ ನಡೆದು ಬಂದಾಗ ನಾನು ನಾಲ್ಕನೇ ಕ್ಲಾಸು. ಅವರು ಇಂಡಿ ತಾಲ್ಲೂಕಿನವರು. ಇಂಡಿ ಎಲ್ಲಿದೆಯೋ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೋಳಗುಮ್ಮಟ ಮಾತ್ರ ಕ್ಯಾಲೆಂಡರಿನಲ್ಲಿತ್ತು. ಆದ್ದರಿಂದ ಅವರು ಬಿಜಾಪುರದ ಮೇಷ್ಟ್ರಾದರು.

ಮಾತಿನ ತೊಡಕು ಎಲ್ಲರೂ ಹೇಳುವಷ್ಟೇನೂ ಆಗಲಿಲ್ಲ. ನಮಗೆ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಅವರ ಕನ್ನಡಕ್ಕೆ ನಾವು ನಕ್ಕೆವು, ನಮ್ಮ ಕನ್ನಡಕ್ಕೆ ಅವರು ನಕ್ಕರು, ಲೆಕ್ಕ ಚುಕ್ತಾ. ಕೊನೆಯ ಬೆಂಚಿನವನೊಬ್ಬ, "ಮನೇಲಿ ತೆಲುಗು ಸಾರ್, ಅದಕ್ಕೇ ಕನ್ನಡ ಪದ್ಯ ಬರಲ್ಲ" ಎಂದು ಜಾರಿಕೊಳ್ಳಲು ನೋಡಿದ. ಮೇಷ್ಟ್ರು ಸಿಟ್ಟಾಗಲಿಲ್ಲ. "ನಿಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನ್ಯಾಗ ತಮಿಳು. ನಮ್ಮ ಕಡಿ ಧಾರವಾಡದ ಬೇಂದ್ರೆಯವರ ಮನ್ಯಾಗ ಮರಾಠಿ. ಬೇಂದ್ರೆಯವರಿಗೆ 1973ರಾಗ ಜ್ಞಾನಪೀಠ, ಮಾಸ್ತಿಯವರಿಗೆ 1983ರಾಗ. ನೋಡೋ ತಮ್ಮಾ, ಮನ್ಯಾಗ ಬ್ಯಾರೆ ಮಾತಾಡೋರಿಗೇ ಇದು ಸಿಗೂದು. ನಿನಗ ಚಾನ್ಸ್ ಐತಿ" ಎಂದರು. ಆ ಹುಡುಗ ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದ. ಇಬ್ಬರಿಗಿಂತ ಮೊದಲೇ ಜ್ಞಾನಪೀಠ ಪಡೆದಿದ್ದ ಕುವೆಂಪು ಅವರ ಹೆಸರನ್ನು ಮೇಷ್ಟ್ರು ಜಾಣತನದಿಂದ ಬಿಟ್ಟಿದ್ದರೆಂದು ನಮಗೆ ತಿಳಿದದ್ದು ಹೈಸ್ಕೂಲಿಗೆ ಹೋದ ಮೇಲೆ.

ಊರಿಗೆ ಅವರ ಭಾಷೆಗಿಂತ ಅವರ ಜಾತಿಯ ಚಿಂತೆ ದೊಡ್ಡದಾಗಿತ್ತು. ನೇರವಾಗಿ ಕೇಳುವಷ್ಟು ಒರಟರು ನಾವಲ್ಲ. ಅದಕ್ಕೆ ನಮ್ಮಲ್ಲಿ ಹಿಂದಿನಿಂದ ಬಂದ ದಾರಿಗಳಿವೆ. ದೊಡ್ಡವರು ಹೇಳಿಕೊಟ್ಟು ಕಳಿಸಿದಂತೆ ನಾವು ಮಕ್ಕಳು ಒಬ್ಬೊಬ್ಬರಾಗಿ ಹೋಗಿ, "ಸಾರ್, ನಿಮ್ಮ ಮನೆದೇವ್ರು ಯಾವುದು?" ಎಂದು ಕೇಳುತ್ತಿದ್ದೆವು. ಮೇಷ್ಟ್ರು ಪ್ರತಿ ಸಲವೂ ಅದೇ ಗಾಂಭೀರ್ಯದಿಂದ "ಗೋಳಗುಮ್ಮಟ" ಎನ್ನುತ್ತಿದ್ದರು. "ನಾವು ಬೇಡಿದ್ದನ್ನ ಏಳು ಸಲ ತಿರುಗಿ ಹೇಳ್ತಾನ. ನಿಮ್ಮ ಯಾವ ದೇವ್ರು ಅಷ್ಟು ಕಿವಿಗೊಟ್ಟು ಕೇಳ್ತಾನ?" ಈ ಉತ್ತರವನ್ನು ಮನೆಗೆ ತಂದು ಒಪ್ಪಿಸಿದಾಗ ನಮ್ಮ ತಾತ ಬಹಳ ಹೊತ್ತು ಯೋಚಿಸಿ, "ಆ ಕಡೆ ಅಂಗೊಂದು ಪಂಗಡ ಇದ್ರೂ ಇರಬೋದು" ಎಂದ.

ಜಾತಿ ಪತ್ತೆಯಾಗುವ ಮೊದಲೇ ಮೇಷ್ಟ್ರು ಇನ್ನೊಂದು ಕೆಲಸ ಮಾಡಿಬಿಟ್ಟರು. ಮಕ್ಕಳ ಮನೆಗಳನ್ನು ನೋಡಿ ಬರುತ್ತೇನೆಂದು ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟರು. ಯಾರ ಮನೆಗೆ ಮೊದಲು, ಯಾರ ಮನೆಗೆ ಆಮೇಲೆ? ಪುಸ್ತಕದಲ್ಲಿ ಹೆಸರುಗಳು ಯಾವ ಕ್ರಮದಲ್ಲಿದ್ದವೋ ಆ ಕ್ರಮದಲ್ಲಿ. ಅಕಾರದ ಹುಡುಗನ ಮನೆ ಕಾಲೋನಿಯಲ್ಲಿತ್ತು, ಆಕಾರದವನದು ದೇವಸ್ಥಾನದ ಬೀದಿಯಲ್ಲಿ, ಈಕಾರದವಳದು ಮತ್ತೆ ಕಾಲೋನಿ, ಕಕಾರ ಶುರುವಾದದ್ದು ಗೌಡರ ಹಟ್ಟಿಯಿಂದ. ನಮ್ಮೂರಿನಲ್ಲಿ ಅದುವರೆಗೆ ಅಕ್ಷರಮಾಲೆಯ ಪ್ರಕಾರ ನಡೆದವರು ಯಾರೂ ಇರಲಿಲ್ಲ. ಮೊದಲನೇ ಮನೆಯಲ್ಲಿ ಹುಡುಗನ ತಾಯಿ ಒಂದು ಚೊಂಬು ನೀರು ತಂದು, ಕೈಗೆ ಕೊಡದೆ, ಜಗಲಿಯ ಅಂಚಿನಲ್ಲಿಟ್ಟು ದೂರ ನಿಂತಳು. ಹುಡುಗ ಚೊಂಬನ್ನು ನೋಡುತ್ತಿರಲಿಲ್ಲ, ಮೇಷ್ಟ್ರ ಗಂಟಲನ್ನು ನೋಡುತ್ತಿದ್ದ. ಮೇಷ್ಟ್ರು ಗಟಗಟನೆ ಕುಡಿದು, "ಇನ್ನೊಂದ್ ಚರಿಗಿ ಕೊಡ್ರಿ ಅವ್ವಾ, ಏನ್ ಬಿಸಿಲ್ರೀ ನಿಮ್ಮೂರಾಗ" ಎಂದರು. ಬಿಜಾಪುರದಿಂದ ಬಂದವರು ಕೋಲಾರದ ಬಿಸಿಲನ್ನು ದೂರಿದ್ದು ಶುದ್ಧ ಸುಳ್ಳು, ನೀರು ಕುಡಿದದ್ದು ನಿಜ. ಅವರು ದೇವಸ್ಥಾನದ ಬೀದಿ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಅಂದು ಎರಡು ಮೂರು ಮನೆಗಳಲ್ಲಿ ಅವರಿಗೆ ಕಾಫಿ ಬರಲಿಲ್ಲ. ಹಾಲು ಒಡೆದಿದೆ ಎಂದರು. ಒಂದೇ ಸಂಜೆ ಒಂದೇ ಬೀದಿಯಲ್ಲಿ ಅಷ್ಟು ಹಾಲು ಒಡೆದದ್ದು ನಮ್ಮೂರ ಚರಿತ್ರೆಯಲ್ಲೇ ಮೊದಲು. ಮಾರನೇ ದಿನ ಆ ಅಕಾರದ ಹುಡುಗ ಮುಂದಿನ ಸಾಲಿನಲ್ಲಿ ಬಂದು ಕೂತ. ಯಾರೂ ಅವನನ್ನು ಕರೆದಿರಲಿಲ್ಲ.

ನಮ್ಮ ಮನೆ ಮೇಷ್ಟ್ರನ್ನು ಬಾಗಿಲಲ್ಲೇ ತಡೆಯಿತು. ಕಾರಣ ಜಾತಿಯಲ್ಲ, ಹುಳ.

ರೇಷ್ಮೆ ಸಾಕುವ ಮನೆ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಹುಳ ಮೊಟ್ಟೆಯೊಡೆದು ಬಂದಲ್ಲಿಂದ ಗೂಡು ಕಟ್ಟಲು ಹೊರಡುವವರೆಗೆ 25–26 ದಿನ. ಅಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ನಾವು ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹುಳ ತಿನ್ನುವ ತಿನ್ನಾಟವಿದೆಯಲ್ಲ, ಇಡೀ ಬೆಳೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಒಂದೇ ವಾರಕ್ಕೆ ಬೇಕು. ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ಆ ವಾರ ಮನೆಯಲ್ಲಿ ಒಗ್ಗರಣೆಯ ಘಾಟು ಏಳಕೂಡದು, ಊದುಬತ್ತಿ ಹಚ್ಚಕೂಡದು, ಪೌಡರು ಬಳಿದುಕೊಂಡು ಬಂದ ನೆಂಟರನ್ನು ಒಳಗೆ ಬಿಡಕೂಡದು. ಎಲ್ಲಕ್ಕಿಂತ ದೊಡ್ಡ ಶತ್ರು ಹೊಗೆಸೊಪ್ಪು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಹಾಕಿದರೂ ಹುಳ ವಾಂತಿ ಮಾಡಿಕೊಂಡು ಸಾಯುತ್ತದೆ.

ಬಿಜಾಪುರದ ಮೇಷ್ಟ್ರ ಕೆಳದುಟಿಯ ಹಿಂದೆ ಬೆಳಗಿನಿಂದ ರಾತ್ರಿಯವರೆಗೆ ತಂಬಾಕು ಮತ್ತು ಸುಣ್ಣ.

ಅಮ್ಮ ಬಾಗಿಲಿಗೆ ಅಡ್ಡ ನಿಂತು, "ಆಗಂಡಿ ಸಾರ್" ಎಂದಳು. ಗಾಬರಿಯಲ್ಲಿ ತೆಲುಗು ಬಂದುಬಿಟ್ಟಿತ್ತು. ಆಮೇಲೆ ಕನ್ನಡದಲ್ಲಿ, "ಬಾಯಿ ಮುಕ್ಕಳಿಸಿ, ಕೈಕಾಲು ತೊಳ್ಕೊಂಡು ಬನ್ನಿ, ಹುಳ ಐತೆ" ಎಂದಳು. ನಾನು ಅವಮಾನದಿಂದ ಕಂಬದ ಹಿಂದೆ ಅಡಗಿಕೊಂಡೆ. ಮೇಷ್ಟ್ರಿಗೆ ಬಾಯಿ ಮುಕ್ಕಳಿಸಿ ಬಾ ಎನ್ನುವ ತಾಯಿ ಯಾವ ಊರಲ್ಲಿದ್ದಾಳೆ? ಅವರು ಒಂದು ಗಳಿಗೆ ಅಮ್ಮನ ಮುಖ ನೋಡಿದರು, ಅಂಗಳದ ಮೂಲೆಗೆ ಹೋಗಿ ಉಗಿದರು, ಮುಕ್ಕಳಿಸಿದರು, ಬಾಗಿಲಲ್ಲಿಟ್ಟಿದ್ದ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ಅದ್ದಿ, ಸುಣ್ಣದ ಪುಡಿ ಹರಡಿದ್ದ ಗೋಣಿತಟ್ಟು ತುಳಿದು ಒಳಗೆ ಬಂದರು. ಕತ್ತಲೆಯ ಕೋಣೆಯಲ್ಲಿ ತಟ್ಟೆಗಳ ಅಟ್ಟಣಿಗೆ. ಅಜ್ಜಿ ಆಗತಾನೇ ಸೊಪ್ಪು ಹಾಕಿ ಮುಗಿಸಿದ್ದಳು. ಸಾವಿರಾರು ಹುಳ ಒಟ್ಟಿಗೆ ಎಲೆ ಕಡಿಯತೊಡಗಿದಾಗ ಹಂಚಿನ ಮೇಲೆ ಸೋನೆ ಹಿಡಿದ ಹಾಗೆ ಸದ್ದು. ಮೇಷ್ಟ್ರು ಗಡಬಡಿಸಿ ಎದ್ದು, "ಅಯ್ಯ, ಮಳಿ ಬಂತು, ಹೊರಗ ಸೈಕಲ್ ಐತಿ" ಎಂದು ಬಾಗಿಲಿಗೆ ಓಡಿದರು. ಹೊರಗೆ ಬೆಂಕಿ ಬಿಸಿಲು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ನಮ್ಮೂರಾಗೆ ಮಳೆ ಬರೋದು ಈ ಕ್ವಾಣೆ ಒಳಗೆ ಮಾತ್ರ ಕಣಪ್ಪ."

ಆ ದಿನದಿಂದ ಮೇಷ್ಟ್ರಿಗೆ ಹುಳದ ಹುಚ್ಚು ಹಿಡಿಯಿತು. ಅದಕ್ಕೆ ಕಾರಣವೂ ಇತ್ತು. ನಾಲ್ಕನೇ ಜ್ವರ ಎದ್ದು ವಾರವಾದ ಮೇಲೆ ಹುಳ ಹಣ್ಣಾಗುತ್ತದೆ. ತಿನ್ನುವುದು ಬಿಟ್ಟು, ಮೈ ಪಾರದರ್ಶಕವಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಆಡಿಸುತ್ತದೆ. ಆಗ ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಸದ ಮೇಲೇ ನೂಲು ಬಿಟ್ಟು ಬೆಳೆ ಹಾಳು. ಹಣ್ಣುಹುಳ ಆರಿಸಲು ಸಣ್ಣ ಬೆರಳುಗಳೇ ವಾಸಿ, ನೋವಾಗದಂತೆ ಎತ್ತುತ್ತವೆ. ಆದ್ದರಿಂದ ಆ ದಿನ ಯಾವ ಮನೆಯ ಮಗುವೂ ಶಾಲೆಗೆ ಬರುವುದಿಲ್ಲ. ಹಾಜರಿ ಪುಸ್ತಕಕ್ಕೆ ಇದೊಂದೂ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಒಂದು ಸೊನ್ನೆ. ಹಿಂದಿನ ಮೇಷ್ಟ್ರುಗಳು ಮಾರನೇ ದಿನ ಆ ಸೊನ್ನೆಗಳನ್ನು ಎಣಿಸಿ ಅಷ್ಟೇ ಏಟು ಕೊಡುತ್ತಿದ್ದರು. ನಾವೂ ಅದನ್ನು ರೇಷ್ಮೆ ಬೆಳೆಯ ಖರ್ಚಿನಲ್ಲಿ ಸೇರಿಸಿಕೊಂಡಿದ್ದೆವು.

ಬಿಜಾಪುರದ ಮೇಷ್ಟ್ರು ಏಟಿನ ಬದಲು ಲೆಕ್ಕ ಹಾಕಿದರು. ಆಗ ಶಾಲೆಯಲ್ಲಿ ಬಿಸಿಯೂಟವಿರಲಿಲ್ಲ. 1995ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಯೋಜನೆಯಲ್ಲಿ ತಿಂಗಳಿಗೆ ಮಗುವಿಗೆ 3 ಕೆ.ಜಿ. ಅಕ್ಕಿ ಕೊಡುತ್ತಿದ್ದರು, ಶೇಕಡ 80ರಷ್ಟು ಹಾಜರಾತಿ ಇದ್ದರೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ಈ ತಿಂಗಳು ಶಾಲೆ ನಡೆಯುವುದು 25 ದಿನ. ಎಷ್ಟು ದಿನ ತಪ್ಪಿಸಿಕೊಂಡರೂ ಅಕ್ಕಿ ಸಿಗುತ್ತದೆ? ಶೇಕಡಾವಾರು ಲೆಕ್ಕವೆಂದರೆ ಅದುವರೆಗೆ ಬಾಯಿ ತೆರೆದು ನೋಡುತ್ತಿದ್ದ ಕ್ಲಾಸು ಒಂದೇ ಉಸಿರಿಗೆ "ಐದು ಸಾರ್" ಎಂದು ಕೂಗಿತು. ಆಮೇಲೆ ಬಜೆಟ್ಟು ತಯಾರಾಯಿತು. ಹಣ್ಣುಹುಳಕ್ಕೆ ಎರಡು ದಿನ, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುವುದಕ್ಕೆ ಒಂದು, ನೆಂಟರ ಮದುವೆಗೆ ಒಂದು, ನಿಜವಾದ ಜ್ವರಕ್ಕೆ ಒಂದು. "ಐದೂ ಮುಗಿದ ಮ್ಯಾಲ ಜ್ವರ ಬಂದ್ರ?" ಎಂದು ಮೇಷ್ಟ್ರು ಕೇಳಿದರು. "ಸಾಲ ತಗೋತೀವಿ ಸಾರ್, ಮುಂದಿನ ತಿಂಗಳದ್ದು" ಎಂದ ನನ್ನ ಪಕ್ಕದವನು. ಅವನು ಈಗ ಬ್ಯಾಂಕಿನಲ್ಲಿದ್ದಾನೆ.

ಹಾಜರಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಪಟ್ಟಿ ಹುಟ್ಟಿಕೊಂಡಿತು. ಯಾರ ಮನೆಯ ಹುಳ ಎಷ್ಟನೇ ಜ್ವರದಲ್ಲಿದೆ, ಯಾರದು ಯಾವತ್ತು ಹಣ್ಣಾಗುತ್ತದೆ. ಅದನ್ನು ನೋಡಿಕೊಂಡು ಮೇಷ್ಟ್ರು ಹೊಸ ಪಾಠ ಯಾವತ್ತು, ಪರೀಕ್ಷೆ ಯಾವತ್ತು ಎಂದು ತೀರ್ಮಾನಿಸುತ್ತಿದ್ದರು. ತಪ್ಪಿದ ಪಾಠಕ್ಕೆ ಭಾನುವಾರ ಬೆಳಿಗ್ಗೆ ಜಗಲಿಯೇ ಶಾಲೆ. ಒಂದು ಸಲ ಮೇಲಿನ ಸಾಹೇಬರು ತನಿಖೆಗೆ ಬಂದವರು ಆ ಪಟ್ಟಿ ಕಂಡು, "ಇದೇನ್ರೀ ಇದು?" ಎಂದು ಹುಬ್ಬೇರಿಸಿದರು. ಮೇಷ್ಟ್ರು, "ಹುಳದ ಹಾಜರಿ ಸರ್" ಎಂದರು. ನಾವು ಉಸಿರು ಬಿಗಿ ಹಿಡಿದೆವು. ಸಾಹೇಬರು ಕನ್ನಡಕ ತೆಗೆದು ಪಟ್ಟಿಯನ್ನು ಹತ್ತಿರ ಹಿಡಿದು ಓದಿ, ದನಿ ತಗ್ಗಿಸಿ, "ಈಗ ಗೂಡು ಕೆ.ಜಿ.ಗೆ ಎಷ್ಟಕ್ಕೆ ಹೋಗ್ತಾ ಐತೆ?" ಎಂದು ಕೇಳಿದರು. ಅವರ ಮನೆಯಲ್ಲೂ ಹುಳವಿತ್ತು.

ತಂಬಾಕಿನ ಕಥೆ ಹೇಳುವುದನ್ನು ಮರೆತೆ. ಊರಿನ ಯಾವುದಾದರೊಂದು ಮನೆಯಲ್ಲಿ ಯಾವಾಗಲೂ ಹುಳ ಇದ್ದೇ ಇರುತ್ತಿತ್ತು, ಮೇಷ್ಟ್ರಿಗೆ ಅಲ್ಲಿಗೆ ಹೋಗಬೇಕಿರುತ್ತಿತ್ತು, ಹೋಗಬೇಕೆಂದರೆ ಉಗಿಯಬೇಕಿತ್ತು. ಉಗಿದು ಉಗಿದು ಬೇಸತ್ತು ಅವರು ತಂಬಾಕನ್ನೇ ಬಿಟ್ಟರು. ಮರುವರ್ಷ ಅವರ ಹೆಂಡತಿ ಬಂದಾಗ ನಮ್ಮ ಮನೆಗೆ ಬಂದು, "ನಮ್ಮತ್ತಿ, ನಮ್ಮವ್ವ, ಡಾಕ್ಟರು ಹೇಳಿ ಬಿಡಿಸಾಕ ಆಗದ್ದು ನಿಮ್ಮ ಹುಳ ಬಿಡಿಸ್ತು ನೋಡ್ರಿ" ಎಂದು ತಟ್ಟೆಯ ಮುಂದೆ ಕೈ ಮುಗಿದರು. ಜ್ವರದಲ್ಲಿದ್ದ ಹುಳಗಳು ತಲೆಯೆತ್ತಿಕೊಂಡೇ ಆ ನಮಸ್ಕಾರ ಸ್ವೀಕರಿಸಿದವು.

ಈಚೆಗೆ ಮೇಷ್ಟ್ರುಗಳಿಗೆ ಸ್ಥಳೀಯ ಸಂಸ್ಕೃತಿಯ ಬಗ್ಗೆ ತರಬೇತಿ ಕೊಡುತ್ತಾರಂತೆ. ಅಂಥದ್ದೊಂದರಲ್ಲಿ ನಾನೂ ಅತಿಥಿಯಾಗಿ ಕೂತಿದ್ದೆ. ಗೋಡೆಯ ಮೇಲೆ ಡೊಳ್ಳು, ಕೋಲಾಟ, ಮೈಸೂರು ಅರಮನೆಯ ಚಿತ್ರಗಳು ಓಡಿದವು, ಊಟಕ್ಕೆ ಬಿಟ್ಟರು. ಕೋಲಾಟ ವರ್ಷಕ್ಕೊಮ್ಮೆ ಬರುತ್ತದೆ. ಮಗು ನಿದ್ದೆಗೆಟ್ಟು ಬರುವುದು ನಿನ್ನೆ ರಾತ್ರಿ ಮನೆಯಲ್ಲಿ ನಡೆದದ್ದರಿಂದ, ಅದರ ಚಿತ್ರ ಯಾವ ಗೋಡೆಯ ಮೇಲೂ ಓಡುವುದಿಲ್ಲ. ಇದನ್ನು ಅಲ್ಲಿ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಹಾರ ಹಾಕಿಬಿಟ್ಟರು.

ಮೇಷ್ಟ್ರು ನಮ್ಮೂರಿನಿಂದ ಕಲಿತ ಇನ್ನೊಂದು ಪಾಠ ಬೆರಳು ತೋರಿಸುವುದರ ಬಗ್ಗೆ. ಯಾರೋ ಮೇಷ್ಟ್ರ ಕುರ್ಚಿಗೆ ಮಸಿ ಸುರಿದಿದ್ದರು. ಅವರು ಬಿಳಿ ಪೈಜಾಮದಲ್ಲಿ ಕೂತು ಎದ್ದರು. "ಯಾರು ಮಾಡಿದ್ದು, ತೋರಿಸ್ರಿ" ಎಂದರು. ಯಾರೂ ತೋರಿಸಲಿಲ್ಲ. ಒಬ್ಬೊಬ್ಬರನ್ನೇ ಹೊರಗೆ ಕರೆದು ಕೇಳಿದರೂ ಇಲ್ಲ. ಬಿಜಾಪುರದ ಕಡೆ ಒಂದು ಚಾಕಲೇಟಿಗೆ ಮೂವರ ಹೆಸರು ಹೇಳುತ್ತಾರಂತೆ, ನಮ್ಮಲ್ಲಿ ಎಲ್ಲರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದೆವು. ಅವರಿಗೆ ಇದು ಮಸಿಗಿಂತ ದೊಡ್ಡ ವಿಚಿತ್ರವಾಗಿ ಕಂಡಿತು.

ಉತ್ತರ ಸಿಕ್ಕಿದ್ದು ಸೀತಿ ಬೆಟ್ಟದಲ್ಲಿ. ವೇಮಗಲ್ ಹತ್ತಿರದ ಆ ಬೆಟ್ಟದ ಭೈರವನ ಗುಡಿಗೆ ಅಜ್ಜಿ ಹೊರಟಿದ್ದಳು, ನಾವು ಕೆಲವರು ಹುಡುಗರು, ಮೇಷ್ಟ್ರೂ ಜೊತೆಗೆ. ಮೆಟ್ಟಿಲ ಮೇಲೆ ಉಸಿರಾಡಲು ಕೂತಲ್ಲಿ ಅಜ್ಜಿ ಕಥೆ ಹೇಳಿದಳು. ವರ ಪಡೆದ ರಾಕ್ಷಸ ಶಿವನನ್ನೇ ಸುಡಲು ಅಟ್ಟಿಸಿಕೊಂಡು ಬಂದ. ಶಿವ ಹೊಲದ ಪೊದೆಯಲ್ಲಿ ಅಡಗಿದ. ಉಳುತ್ತಿದ್ದ ರೈತನನ್ನು ರಾಕ್ಷಸ ಕೇಳಿದ. ಶಿವನಿಗೂ ಹೆದರಿ ರಾಕ್ಷಸನಿಗೂ ಹೆದರಿದ ರೈತ ಬಾಯಲ್ಲಿ "ಕಾಣೆ" ಎಂದು ಕೂಗಿ, ಕಿರುಬೆರಳಿನಲ್ಲಿ ಪೊದೆ ತೋರಿಸಿದ. ವಿಷ್ಣು ಬಂದು ಶಿವನನ್ನು ಉಳಿಸಿದ ಮೇಲೆ ಶಿವ ಕೇಳಿದ್ದು ಆ ಬೆರಳನ್ನು. ಬುತ್ತಿ ತಂದ ಹೆಂಡತಿ, ಇವನ ಬೆರಳು ಹೋದರೆ ನೇಗಿಲು ಹಿಡಿಯುವವರಾರು, ನನ್ನ ಎರಡು ಬೆರಳು ತಗೋ ಎಂದಳು. ಅಲ್ಲಿಂದ ಮೊರಸು ಒಕ್ಕಲಿಗರಲ್ಲಿ ಒಂದು ಪಂಗಡದ ಹೆಂಗಸರು ಮಕ್ಕಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮೊದಲು ಬೆರಳು ಕೊಡುವುದು ನಡೆದು ಬಂತು. ಇದು ಬರೀ ಕಥೆಯಲ್ಲ. ಆ ಪದ್ಧತಿ ನಿಜವಾಗಿ ಇತ್ತು, 19ನೇ ಶತಮಾನದಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಅಜ್ಜಿ ಕಥೆ ಮುಗಿಸಿ, "ಅದಕ್ಕೇ ನಮ್ಮ ಮಕ್ಕಳಿಗೆ ಹೇಳೋದು, ಅಡಗಿರೋರ ಕಡೆ ಬೆರಳು ತೋರಿಸಬ್ಯಾಡ್ರಿ ಅಂತ" ಎಂದಳು. ಮೇಷ್ಟ್ರು ತಮ್ಮ ಕಿರುಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಮತ್ತೆಂದೂ ಅವರು "ಯಾರು ಮಾಡಿದ್ದು, ತೋರಿಸ್ರಿ" ಎನ್ನಲಿಲ್ಲ. ಸೋಮವಾರ ಕ್ಲಾಸಿಗೆ ಬಂದು, "ಯಾರ ಕೈಯಿಂದ ಮಸಿ ಬಿತ್ತೋ ಅವರು ಸಂಜಿ ಮುಂದ ನನ್ನ ಮನಿಗೆ ಬರ್ರಿ, ಚುರಮುರಿ ಐತಿ" ಎಂದರು. ಸಂಜೆ ಏಳು ಜನ ಹೋದೆವು. ಮಸಿ ಸುರಿದವನು ಆ ಏಳರಲ್ಲಿ ಇರಲೇ ಇಲ್ಲ, ಅವನಿಗೆ ಅಂದು ಮನೆಯಲ್ಲಿ ಹುಳ ಹಣ್ಣಾಗಿತ್ತು.

ಕಲಿತದ್ದು ಅವರೊಬ್ಬರೇ ಅಲ್ಲ. ಡಿಸೆಂಬರಿನ ಕೊನೆಗೆ ಒಂದು ದಿನ ಮೇಷ್ಟ್ರು ಪಾಠ ಮಾಡದೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಹಿಂದಿನ ಬೆಂಚಿನ ಹುಡುಗಿ ಎದ್ದು, "ಸಾರ್, ನಿಮ್ಮೂರಲ್ಲಿ ಇವತ್ತು ಏನು?" ಎಂದಳು. ಪ್ರಶ್ನೆ ಕೇಳುವ ರೀತಿಯನ್ನು ಅವಳು ಅವರಿಂದಲೇ ಕಲಿತಿದ್ದಳು. ಅಂದು ಎಳ್ಳು ಅಮಾವಾಸ್ಯೆ. ಅವರ ಕಡೆ ಬಂಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುವ ದಿನ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ ಎಂದು ಮೇಷ್ಟ್ರು ಹೆಸರು ಹೇಳುತ್ತಾ ಹೋದಂತೆ ಗಂಟಲು ಕಟ್ಟಿತು. ಮಧ್ಯಾಹ್ನದ ಬಿಡುವಿನಲ್ಲಿ ಇಡೀ ಕ್ಲಾಸು ಮನೆಗಳಿಗೆ ಓಡಿತು. ನಮ್ಮಲ್ಲಿ ಅದು ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು, ಮುದ್ದೆ, ಅವರೆಕಾಳಿನ ಉಪ್ಪಿಟ್ಟು, ಒಬ್ಬನ ಮನೆಯಿಂದ ಬರೀ ಉಪ್ಪಿನಕಾಯಿ, ಎಲ್ಲವೂ ಕೊಯ್ಲಾದ ರಾಗಿ ಹೊಲಕ್ಕೆ ಬಂದವು. ಮೇಷ್ಟ್ರು ಮುದ್ದೆಯನ್ನು ಮುರಿದು ಸಾರಿನಲ್ಲದ್ದಿ ನಾಲ್ಕು ದಿಕ್ಕಿಗೆ ಚರಗ ಚೆಲ್ಲಿದರು. ಇಂಡಿಯ ಭೂಮಿತಾಯಿಗೆ ರಾಗಿಮುದ್ದೆ ಹಿಡಿಸಿತೋ ಇಲ್ಲವೋ. ಅಜ್ಜಿ ದೂರದಿಂದ ನೋಡಿ, "ಒಳ್ಳೆ ಸಾರು ಮಣ್ಣಿಗೆ ಹಾಕ್ತಾನಲ್ಲ, ಯಂಥ ಮೇಷ್ಟ್ರು" ಎಂದು ಗೊಣಗಿದಳು. ಮರುವರ್ಷ ಅಮಾವಾಸ್ಯೆಗೆ ಎರಡು ದಿನ ಮುಂಚೆ, "ನಿಮ್ಮ ಮೇಷ್ಟ್ರು ಈ ಸಲ ಚೆಲ್ಲಲ್ವಾ?" ಎಂದು ಅವಳೇ ಕೇಳಿದಳು.

ಅಮ್ಮ ಮಾಡಿದ ಉಪಕಾರ ಬೇರೆ ತರಹದ್ದು. ಎಲ್ಲಿಂದಲೋ ಜೋಳ ತರಿಸಿ ರೊಟ್ಟಿ ತಟ್ಟಲು ಹೋದಳು. ಅದು ಹಂಚಿನ ಮೇಲೆ ಕೋಲಾರ ಜಿಲ್ಲೆಯ ಕೆರೆಯಂಗಳದಷ್ಟು ಬಿರುಕು ಬಿಟ್ಟಿತು. ಆ ಚೂರುಗಳನ್ನು ಮೇಷ್ಟ್ರು ತಿಂದು, "ಥೇಟ್ ನಮ್ಮವ್ವ ಮಾಡಿದಂಗ ಐತ್ರಿ" ಎಂದುಬಿಟ್ಟರು. ಆಮೇಲೆ ಅವರಿಗೆ ವಾರಕ್ಕೊಮ್ಮೆ ಅದು ತಪ್ಪಲಿಲ್ಲ.

ಇಷ್ಟೆಲ್ಲ ಆಗುತ್ತಿರುವಾಗಲೂ ವರ್ಗಾವಣೆಯ ಅರ್ಜಿ ವರ್ಷ ವರ್ಷವೂ ಹೋಗುತ್ತಲೇ ಇತ್ತು. ಇಂಡಿಯಲ್ಲಿ ವಯಸ್ಸಾದ ತಾಯಿ ಇದ್ದರು, ಅದು ನಮಗೂ ಗೊತ್ತಿತ್ತು. ಆದರೂ ನಾವು ಸೀತಿ ಭೈರವನಿಗೆ ಮೇಷ್ಟ್ರ ವರ್ಗ ಆಗದಿರಲಿ ಎಂದು ಹರಕೆ ಹೊತ್ತೆವು. ಮೇಷ್ಟ್ರ ಹೆಂಡತಿ ಕೋಲಾರಕ್ಕೆ ಹೋಗಿ ಕೋಲಾರಮ್ಮನಿಗೆ ವರ್ಗ ಆಗಲಿ ಎಂದು ಹರಕೆ ಹೊತ್ತು, ಪಕ್ಕದ ಚೇಳಮ್ಮನ ಗುಡಿಯಲ್ಲಿ ನೆಲದೊಳಗಿನ ಹುಂಡಿಗೆ ದುಡ್ಡನ್ನೂ ಹಾಕಿ ಬಂದರು. ನಾವು ಹರಕೆಗೆ ಹಣ ಕಟ್ಟಿರಲಿಲ್ಲ. ಕೋಲಾರಮ್ಮ ಗೆದ್ದಳು.

ಆದೇಶ ಬಂದಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಮೇಷ್ಟ್ರೇ ನಮಗೆ ಎಚ್. ನರಸಿಂಹಯ್ಯನವರ ಕಥೆ ಹೇಳಿದ್ದರು. ಆಗ ನಮ್ಮದೇ ಜಿಲ್ಲೆಯಲ್ಲಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಹೋದದ್ದು, ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಕುಲಪತಿಯಾಗಿ, ಕಡೆಯವರೆಗೂ ಹಾಸ್ಟೆಲಿನ ಕೋಣೆಯಲ್ಲೇ ಬದುಕಿದ್ದು. ಅದನ್ನು ನೆನೆದು ನಾವೊಂದು ಗುಂಪು ಬಿಜಾಪುರಕ್ಕೆ ನಡೆದು ಹೋಗುವುದೆಂದು ತೀರ್ಮಾನಿಸಿದೆವು. ಬ್ಯಾಂಕಿಗೆ ಸೇರಲಿದ್ದ ನನ್ನ ಪಕ್ಕದವನು ಲೆಕ್ಕ ಹಾಕಿದ. ಹತ್ತಿರ ಹತ್ತಿರ 600 ಕಿಲೋಮೀಟರ್, ದಿನಕ್ಕೆ 20ರಂತೆ ನಡೆದರೂ 30 ದಿನ, ಅಂದರೆ ಐದು ದಿನದ ರಜೆಯ ಬಜೆಟ್ಟನ್ನು ಮೀರುತ್ತದೆ, ಆ ತಿಂಗಳ 3 ಕೆ.ಜಿ. ಅಕ್ಕಿ ಹೋಗುತ್ತದೆ. ಯೋಜನೆ ಅಲ್ಲಿಗೆ ಬಿದ್ದುಹೋಯಿತು. ಶೇಕಡಾವಾರು ಅಷ್ಟು ಚೆನ್ನಾಗಿ ಕಲಿಸಬಾರದಿತ್ತು.

ಹೊಸ ಮೇಷ್ಟ್ರು ಬಂದರು, ಒಳ್ಳೆಯವರೇ. ಬಂದವರು ಮೊದಲು ಮಾಡಿದ ಕೆಲಸ ಹಳೆಯ ಹಾಜರಿ ಪುಸ್ತಕವನ್ನು ಬೀರುವಿಗೆ ಹಾಕಿ ಹೊಸ ಪುಸ್ತಕ ತೆರೆದದ್ದು. ಹೊಸ ರಟ್ಟಿನ ಒಳಗೆ ಏನೂ ಬರೆದಿರಲಿಲ್ಲ.

ಈಗ ನಮ್ಮೂರಲ್ಲಿ ಹುಳ ಸಾಕುವ ಮನೆ ಹುಡುಕಬೇಕು. ಹಿಪ್ಪುನೇರಳೆಯಿದ್ದ ಕಡೆ ಕೆಲವು ದಿನ ಟೊಮೆಟೊ, ಆಮೇಲೆ ಕಾಂಪೌಂಡು. ವೇಮಗಲ್ ಕೈಗಾರಿಕಾ ಪ್ರದೇಶವಾಗಿದೆ, ಪಕ್ಕದ ಕುರುಗಲ್ ಜೊತೆ ಸೇರಿ ಪಟ್ಟಣ ಪಂಚಾಯಿತಿಯೂ ಆಗಿದೆ. ಏರ್‌ಬಸ್ ಕಂಪನಿಯ ಎಚ್125 ಹೆಲಿಕಾಪ್ಟರುಗಳನ್ನು ಟಾಟಾದವರು ಇಲ್ಲೇ ಜೋಡಿಸುತ್ತಾರೆಂದು 2025ರಲ್ಲಿ ಪ್ರಕಟವಾಯಿತು. ಸುತ್ತಿನ ಶಾಲೆಗಳಲ್ಲಿ ಒಡಿಶಾ, ಬಿಹಾರದಿಂದ ಬಂದ ಕಾರ್ಮಿಕರ ಮಕ್ಕಳಿದ್ದಾರೆ. ಆ ಮನೆಗಳಲ್ಲಿ ಈ ವಾರ ಯಾವ ಪಾಳಿ, ಯಾರ ಅಪ್ಪ ರಾತ್ರಿಯಿಡೀ ದುಡಿದು ಬೆಳಿಗ್ಗೆ ಒಂದೇ ಕೋಣೆಯಲ್ಲಿ ಮಲಗಿರುತ್ತಾನೆ, ಯಾವ ಮಗು ಸದ್ದು ಮಾಡದೆ ಹೋಂವರ್ಕ್ ಬರೆಯಬೇಕು, ಇದನ್ನು ಯಾರಾದರೂ ರಟ್ಟಿನೊಳಗೆ ಬರೆದುಕೊಳ್ಳುತ್ತಿದ್ದಾರೋ ಏನೋ.

ಈಚೆಗೆ ಮೇಷ್ಟ್ರ ಫೋನ್ ನಂಬರು ಸಿಕ್ಕಿತು. ವಿಜಯಪುರಕ್ಕೆ ಹೋಗಿ ಅವರನ್ನು ನೋಡಿಬರಬೇಕು ಅಂತಿದ್ದೀನಿ ಎಂದು ಅಮ್ಮನಿಗೆ ಹೇಳಿದೆ. ಬಿಜಾಪುರಕ್ಕೆ 2014ರಲ್ಲಿ ಆ ಹೆಸರಾದದ್ದು ಅವಳ ಕಿವಿಗೆ ಬಿದ್ದಿಲ್ಲ. ಅವಳಿಗೆ ವಿಜಯಪುರವೆಂದರೆ ದೇವನಹಳ್ಳಿ ತಾಲ್ಲೂಕಿನದು, ಎಚ್. ಕ್ರಾಸ್ ದಾಟಿದರೆ ಸಿಗುವುದು. "ಇಷ್ಟು ಹತ್ರ ಇದ್ಕೊಂಡು ಇಷ್ಟು ವರ್ಷ ಒಂದು ದಿನಾನೂ ಬರಲಿಲ್ವಲ್ಲ ಆ ಮೇಷ್ಟ್ರು" ಎಂದು ಮುನಿಸಿಕೊಂಡಳು.

ಫೋನು ಮಾಡಿದೆ. ಗುರುತು ಸಿಗಲು ಹೊತ್ತು ಹಿಡಿಯಲಿಲ್ಲ. "ಹುಳ ಐತೇನೋ ಮನ್ಯಾಗ?" ಎಂದರು. ಇಲ್ಲ ಸಾರ್, ಬಿಟ್ಟೆವು ಎಂದೆ. ಸ್ವಲ್ಪ ಸುಮ್ಮನಿದ್ದು, "ಹಂಗಾದ್ರ ನಾ ತಂಬಾಕು ಶುರು ಮಾಡಬಹುದು" ಎಂದು ನಕ್ಕರು. ಅವರಿಗೆ ಸ್ವಂತ ಜಿಲ್ಲೆಯೇನೋ ಸಿಕ್ಕಿತ್ತು, ಕೆಲಸ ಮಾತ್ರ ಈಗ ಒಂದು ತಾಂಡಾದ ಶಾಲೆಯಲ್ಲಿ. ಮಕ್ಕಳ ಮನೆಮಾತು ಲಂಬಾಣಿ. "ಆರುನೂರು ಕಿಲೋಮೀಟರ್ ದಾಟಿ ನಮ್ಮೂರಿಗೆ ಬಂದ್ರ, ನಮ್ಮೂರಾಗೂ ನಾ ಪರದೇಶಿನಽ ಆದೆ ನೋಡು" ಎಂದರು. ದೀಪಾವಳಿ ಮುಗಿಯುತ್ತಲೂ ತಂದೆತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ, ಕೆಲವರು ಗೋವಾಕ್ಕೆ. ಮಕ್ಕಳು ಒಂದೋ ಜೊತೆಗೆ ಹೋಗುತ್ತವೆ, ಇಲ್ಲ ಅಜ್ಜಿಯ ಹತ್ತಿರ ಉಳಿಯುತ್ತವೆ. ಯಾವ ಮನೆಯವರು ಯಾವ ಸಕ್ಕರೆ ಕಾರ್ಖಾನೆಗೆ, ಯಾವ ತಿಂಗಳು ವಾಪಸ್ಸು, ಎಲ್ಲವೂ ಮೇಷ್ಟ್ರಿಗೆ ಬಾಯಿಪಾಠ. ಹಾಜರಿ ಈಗ ಮೊಬೈಲಿನಲ್ಲಿ, ಮೊಬೈಲಿಗೆ ರಟ್ಟಿಲ್ಲ, ಅದಕ್ಕೆ ಪ್ರತ್ಯೇಕ ಒಂದು ನೋಟುಬುಕ್ಕು ಇಟ್ಟಿದ್ದೇನೆ ಎಂದರು.

ನಾನು ಇನ್ನೂ ಏನೇನೋ ಕೇಳಬೇಕೆಂದಿದ್ದೆ. ಆಚೆಯಿಂದ ಒಬ್ಬ ಹುಡುಗಿ ಅರ್ಥವಾಗದ ಭಾಷೆಯಲ್ಲಿ ಏನೋ ಗದರಿದ್ದು ಕೇಳಿಸಿತು. "ಇಡ್ತೀನಪಾ" ಎಂದರು ಮೇಷ್ಟ್ರು ಅವಸರದಲ್ಲಿ. "ನಾಕನೇತ್ತಾದ ಹುಡುಗಿ ಬಂದಾಳ. ನಿನ್ನೆ ಕಲಿಸಿದ ಲಂಬಾಣಿ ಹಾಡು ಇವತ್ತು ಒಪ್ಪಿಸಬೇಕು, ನಾ ಇನ್ನೂ ಬಾಯಿಪಾಠ ಮಾಡಿಲ್ಲ."